ಉಪ್ಪು ಬಿದ್ದ ಲಸ್ಸಿ

ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟ ಮುಗಿಯುತ್ತಿದ್ದಂತೆ ಗಂಡಸರು ಒಬ್ಬೊಬ್ಬರಾಗಿ ಮಾಯವಾಗುತ್ತಿದ್ದರು. ಹಿರಿಯ ಮಗ ಬಸ್ ಡ್ರೈವರು. ರಜೆಯ ದಿನವೂ ಡಿಪೋದ ಕಡೆ ಒಂದು ಸುತ್ತು ಹೋಗಿ ಬರಬೇಕೆಂದು ಚಪ್ಪಲಿ ಮೆಟ್ಟುತ್ತಿದ್ದ. ಕಿರಿಯ ಮಗ ಬೀಗ ರಿಪೇರಿಯವನು. ಸರಿಯಾಗಿ ಆ ಹೊತ್ತಿಗೇ ಊರಿನ ಯಾರದೋ ಮನೆಯ ಬಾಗಿಲು ಕೈಕೊಡುತ್ತಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಸ್ಸಿಯ ತೀರ್ಪು ಹೊರಬೀಳುತ್ತದೆ, ಆಮೇಲೆ ಸೋತವಳ ಗಂಡನಾಗಿ ಮನೆಯೊಳಗೆ ಕೂತಿರುವುದು ಕ್ಷೇಮವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ತೀರ್ಪು ಕೊಡುವವರು ಅತ್ತೆ. ಅವರ ನಾಲಿಗೆ ಆ ಬೀದಿಗೆಲ್ಲ ಪ್ರಸಿದ್ಧ. ಮಾವ ಇದ್ದಾಗ ಗಂಡ ಹೆಂಡತಿ ಸೇರಿ ಮಾರ್ಕೆಟ್ಟಿನ ಬಾಯಿಯಲ್ಲಿ ತಂಪು ಪಾನೀಯದ ಅಂಗಡಿ ನಡೆಸಿದ್ದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಈ ಮೊಸರಿಗೆ ಹೆಪ್ಪು ಹಾಕಿದ್ದು ಹಾಲು ಆರುವ ಮೊದಲೋ ಆರಿದ ಮೇಲೋ ಎಂದು ಹೇಳಬಲ್ಲ ಹೆಂಗಸು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಯಾರದಾದರೂ ಮನೆಯಲ್ಲಿ ದೊಡ್ಡ ಅಡುಗೆಯಿದ್ದರೆ ಒಂದು ಬಟ್ಟಲು ಇಲ್ಲಿಗೆ ಬರುತ್ತಿತ್ತು. ಅತ್ತೆ ಚಮಚದ ತುದಿಯಿಂದ ಒಂದಿಷ್ಟು ನೆಕ್ಕಿ, ಕಣ್ಣು ಮುಚ್ಚಿ, ಏನೋ ಒಂದು ಮಾತು ಹೇಳುತ್ತಿದ್ದರು. ಬಟ್ಟಲು ತಂದವರು ಆ ಮಾತನ್ನು ಜೋಪಾನವಾಗಿ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರು.

ಇಂಥ ಅತ್ತೆಗೆ ಇಬ್ಬರು ಸೊಸೆಯರು. ಹಿರಿಯಳು ಶಾಲೆಯಲ್ಲಿ ಡ್ರಿಲ್ ಟೀಚರು. ಮಹಡಿಯ ಮೇಲಿನ ಅವಳ ಅಡುಗೆಮನೆಯಲ್ಲಿ ಡಬ್ಬಿಗಳು ಕೂಡ ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತಿದ್ದವು. ಕಿರಿಯಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ತಾನೂ ಕನ್ನಡಕ ಹಾಕುತ್ತಿದ್ದಳು, ಕೆಳಗಿನ ಅಡುಗೆಮನೆ ಅವಳದು. ವಾರಗಿತ್ತಿಯರ ನಡುವೆ ಜಗಳವೇನೂ ಇರಲಿಲ್ಲ. ಲಸ್ಸಿಯೊಂದನ್ನು ಬಿಟ್ಟರೆ ಇಬ್ಬರೂ ಅಕ್ಕತಂಗಿಯರ ಹಾಗೆಯೇ ಇದ್ದರು.

ಹಿರಿಯಳ ಲಸ್ಸಿಗೆ ಮಾವಿನ ಹಣ್ಣು ಬೇಕು, ಮಿಕ್ಸಿ ಬೇಕು. ಭರ್ರೆಂದು ಒಂದು ಸಲ, ಮತ್ತೆ ಭರ್ರೆಂದು ಇನ್ನೊಂದು ಸಲ, ಅಷ್ಟಕ್ಕೆ ಕೆಲಸ ಮುಗಿಯಿತು. ಕಿರಿಯಳದು ಹಾಗಲ್ಲ. ಅವಳು ಹಿಂದಿನ ಸಂಜೆಯೇ ಗಟ್ಟಿ ಹಾಲಿಗೆ ಹೆಪ್ಪು ಹಾಕಿಡುತ್ತಿದ್ದಳು. ಬೆಳಿಗ್ಗೆ ಆ ಮೊಸರನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ನೇತುಹಾಕಿ ನೀರು ಇಳಿಸುತ್ತಿದ್ದಳು. ಸಕ್ಕರೆಯನ್ನು ಹಾಗೇ ಸುರಿದರೆ ತಳದಲ್ಲಿ ಕರಕರ ಅನ್ನುತ್ತದೆಂದು ಪಾಕ ಮಾಡಿ ಆರಿಸುತ್ತಿದ್ದಳು. ಏಲಕ್ಕಿಯನ್ನು ಆಗಷ್ಟೇ ಕುಟ್ಟಿ, ಗುಲಾಬಿ ನೀರನ್ನು ಹನಿ ಲೆಕ್ಕದಲ್ಲಿ ಬಿಟ್ಟು, ಕಡಗೋಲಿನಿಂದ ಕಡೆದು, ಮೇಲೆ ಕೆನೆಯ ಒಂದು ಪದರ ತೇಲಿಸಿ, ಗಾಜಿನ ಲೋಟದ ಹೊರಮೈ ಬೆವರುವ ತನಕ ಫ್ರಿಜ್ಜಿನಲ್ಲಿಟ್ಟು ತಂದರೆ ಅತ್ತೆ ಒಂದು ಗುಟುಕು ಕುಡಿದು ಹೇಳುತ್ತಿದ್ದದ್ದು ಇಷ್ಟೇ: ಚೆನ್ನಾಗಿದೆ, ಆದರೆ ದೊಡ್ಡವಳದ್ದು ಒಂದು ಕೈ ಮೇಲು.

ಒಂದು ವಾರ ಹೀಗಾದರೆ ಸರಿ, ಎರಡು ವಾರವಾದರೂ ಸರಿ. ಬೇಸಿಗೆ ಶುರುವಾದಾಗಿನಿಂದ ಇದೇ ಮಾತು. ಕಿರಿಯಳು ಮೊದಮೊದಲು ಹಲ್ಲು ಕಚ್ಚಿ ನಕ್ಕಳು. ಆಮೇಲೆ ಕೇಸರಿ ತಂದಳು. ಅದಕ್ಕೂ ದೊಡ್ಡವಳದ್ದೇ ಮೇಲು. ಗೋಡಂಬಿ ಅರೆದು ಹಾಕಿದಳು. ಅತ್ತೆ ತಲೆದೂಗಿದರು, ಲೋಟ ಕೆಳಗಿಟ್ಟರು, ಮತ್ತೆ ಅದನ್ನೇ ಅಂದರು. ಅವತ್ತು ಕಿರಿಯಳ ಗಂಡ ಸಂಜೆ ಮನೆಗೆ ಬಂದಾಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಊರಿನ ಬೀಗವನ್ನೆಲ್ಲ ತೆಗೆಯುವವನು ತನ್ನ ಮನೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂರಬೇಕಾಯಿತು.

ಹೊಟ್ಟೆ ಉರಿದುಕೊಂಡು ಕೂತರೆ ಏನೂ ಸಾಗುವುದಿಲ್ಲ ಎಂದು ಕಿರಿಯಳಿಗೆ ಹೊಳೆದದ್ದು ಅಂಗಡಿಯಲ್ಲಿ, ಯಾರದೋ ಕಣ್ಣಿಗೆ ಗಾಜು ಬದಲಾಯಿಸಿ ಬದಲಾಯಿಸಿ ತೋರಿಸುತ್ತಿದ್ದಾಗ. ಇದು ಸ್ಪಷ್ಟವೋ, ಅದು ಸ್ಪಷ್ಟವೋ ಎಂದು ಕೇಳುತ್ತ ಅವಳು ಒಮ್ಮೊಮ್ಮೆ ತುಂಟತನಕ್ಕೆ ಅದೇ ಗಾಜನ್ನೇ ಮತ್ತೆ ಇಡುತ್ತಿದ್ದಳು. ಎಷ್ಟೋ ಜನ ಎರಡನೆಯದೇ ಚೆನ್ನಾಗಿದೆ ಎನ್ನುತ್ತಿದ್ದರು. ಅತ್ತೆಗೂ ಅದೇ ಪರೀಕ್ಷೆ ಮಾಡಬಾರದೇಕೆ ಎಂದುಕೊಂಡಳು.

ಲೋಟಗಳನ್ನು ತಟ್ಟೆಯಲ್ಲಿಟ್ಟು ಅತ್ತೆಯ ಮುಂದೆ ತರುವ ಕೆಲಸ ಹೇಗೂ ಅವಳದೇ ಆಗಿತ್ತು. ಆ ಭಾನುವಾರ ಹಿರಿಯಳು ಮಹಡಿಯಿಂದ ಜಗ್ಗು ಇಳಿಸಿ ಕೊಟ್ಟು, ಮುಖ ತೊಳೆಯಲು ಹೋದಳು. ಕಿರಿಯಳು ತನ್ನ ಲಸ್ಸಿಯನ್ನು ಫ್ರಿಜ್ಜಿನ ಹಿಂಬದಿಗೆ ತಳ್ಳಿ, ಹಿರಿಯಳ ಮಾವಿನ ಲಸ್ಸಿಯನ್ನೇ ಎರಡು ಲೋಟಕ್ಕೂ ಬಗ್ಗಿಸಿದಳು. ಅಕ್ಕ ಕೇಳಿದರೆ ಇವತ್ತು ನಾನೂ ಮಾವಿನದೇ ಮಾಡಿದೆ ಎಂದರಾಯಿತು.

ಇದು ನನ್ನದು, ಅದು ಅಕ್ಕನದು ಎಂದು ತೋರಿಸಿ ತಟ್ಟೆ ಮುಂದಿಟ್ಟಳು. ಅತ್ತೆ ಮೊದಲ ಲೋಟ ಕುಡಿದರು, ಬಾಯಿ ಒರೆಸಿಕೊಂಡರು. ಎರಡನೆಯದನ್ನು ಕುಡಿದರು. ಕಣ್ಣು ಮುಚ್ಚಿದರು. ಚಿಕ್ಕವಳದ್ದು ಸ್ವಲ್ಪ ನೀರಾಯಿತು, ಹುಳಿಯೂ ಎದ್ದಿದೆ, ದೊಡ್ಡವಳದ್ದರಲ್ಲಿ ಹಣ್ಣಿನ ಸೊಗಸು ಎದ್ದು ಕಾಣುತ್ತದೆ ಎಂದರು.

ಕಿರಿಯಳಿಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಸಿಕ್ಕಿಬಿದ್ದಿರಿ ಅತ್ತೆ, ಎಂದುಕೊಂಡಳು. ಇದು ನಾಲಿಗೆಯ ತೀರ್ಪಲ್ಲ, ಶುದ್ಧ ಪಕ್ಷಪಾತ. ಆದರೆ ಇಷ್ಟನ್ನೇ ಹೇಳಿದರೆ ಜಾರಿಕೊಳ್ಳುತ್ತಾರೆ. ಮುಂದಿನ ವಾರ ಜಾರಲಾಗದ ಹಾಗೆ ಹಿಡಿಯಬೇಕು ಎಂದು ವಾರವಿಡೀ ಮನಸ್ಸಿನಲ್ಲೇ ಮಂಡಿಗೆ ತಿಂದಳು.

ಮುಂದಿನ ಭಾನುವಾರ ಅವಳು ಹಿರಿಯಳ ಲೋಟಕ್ಕೆ ಉಪ್ಪು ಹಾಕಿದಳು. ಚಿಟಿಕೆಯಲ್ಲ, ಒಂದು ಚಮಚ ತುಂಬ. ಚೆನ್ನಾಗಿ ಕಲಕಿದಳು. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದರೆ ಮೈಯೆಲ್ಲ ಜುಮ್ಮೆಂದಿತು. ಅತ್ತೆ ಇದನ್ನು ಉಗುಳುತ್ತಾರೆ, ಅಕ್ಕನ ಮುಖ ಇಷ್ಟು ಚಿಕ್ಕದಾಗುತ್ತದೆ, ಆಮೇಲೆ ನಾನೇ ನಿಜ ಹೇಳಿ ಕಾಲು ಹಿಡಿದರಾಯಿತು, ಒಂದು ದಿನದ ಮಟ್ಟಿಗಾದರೂ ಗೆದ್ದ ಹಾಗಾಯಿತಲ್ಲ ಎಂದು ತಟ್ಟೆ ಎತ್ತಿದಳು.

ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಹಿರಿಯಳು ಎದುರಿಗೆ ಕೈಕಟ್ಟಿ ನಿಂತಿದ್ದಳು. ಅತ್ತೆ ಕಿರಿಯಳ ಲೋಟವನ್ನು ಮೊದಲು ರುಚಿ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಉಪ್ಪಿನ ಲೋಟ ಎತ್ತಿದರು. ಒಂದು ಗುಟುಕು. ಇನ್ನೊಂದು ಗುಟುಕು. ಹಾಗೇ ಅರ್ಧ ಲೋಟ ಖಾಲಿಯಾಯಿತು.

“ಇವತ್ತು ಸಕ್ಕರೆ ಹದವಾಗಿ ಬಿದ್ದಿದೆ ನೋಡು,” ಎಂದರು ಅತ್ತೆ ಹಿರಿಯಳಿಗೆ. “ಪ್ರತಿ ಸಲ ಹೀಗೇ ಹಾಕು.”

ಹಿರಿಯಳು ತಲೆಯಾಡಿಸಿ ಮಹಡಿ ಹತ್ತಿದಳು. ಕಿರಿಯಳು ನಿಂತಲ್ಲೇ ನಿಂತಿದ್ದಳು. ಅತ್ತೆ ಉಳಿದರ್ಧವನ್ನೂ ಎತ್ತಿಕೊಳ್ಳಲು ಹೋದಾಗ ಅವಳು ಓಡಿಬಂದು ಲೋಟ ಕಿತ್ತುಕೊಂಡಳು. ಅತ್ತೆ ಬೆಪ್ಪಾಗಿ ನೋಡಿದರು.

“ಅತ್ತೆ, ಇದರಲ್ಲಿ ಒಂದು ಚಮಚ ಉಪ್ಪು ಇದೆ,” ಎಂದಳು ಕಿರಿಯಳು ಮೆಲ್ಲಗೆ. “ನಾನೇ ಹಾಕಿದ್ದು.”

ಬಯ್ಯುತ್ತಾರೆಂದು ಕಾದಳು. ಅತ್ತೆ ಬಯ್ಯಲಿಲ್ಲ. ಕಿಟಕಿಯ ಹೊರಗೆ ನೋಡಿದರು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆಮೇಲೆ ಬಾಗಿಲು ಮುಂದೆ ಮಾಡು ಎಂದು ಸನ್ನೆ ಮಾಡಿದರು.

ಚಳಿಗಾಲದಲ್ಲಿ ಅತ್ತೆ ಒಮ್ಮೆ ಜ್ವರ ಬಂದು ಮಲಗಿದ್ದರು, ಅದು ಬಿಟ್ಟು ಹೋಗುವಾಗ ರುಚಿಯನ್ನೂ ವಾಸನೆಯನ್ನೂ ಜೊತೆಗೇ ಕಟ್ಟಿಕೊಂಡು ಹೋಗಿತ್ತು. ಸಿಹಿಯಿಲ್ಲ, ಹುಳಿಯಿಲ್ಲ, ಉಪ್ಪಿಲ್ಲ. ಏನು ತಿಂದರೂ ಒದ್ದೆ ಕಾಗದ ಅಗಿದ ಹಾಗೆ. ಒಂದು ವಾರ ಕಾದರಂತೆ, ಬರುತ್ತದೆಂದು. ತಿಂಗಳು ಕಾದರಂತೆ. ಯಾರಿಗೂ ಹೇಳಲಿಲ್ಲ. ಬೀದಿಯವರು ಬಟ್ಟಲು ತಂದಾಗ ಕಣ್ಣು ಮುಚ್ಚಿ ಬಾಯಿಗೆ ಬಂದದ್ದನ್ನು ಹೇಳಿ ಕಳಿಸುತ್ತಿದ್ದರಂತೆ. ಊಟಕ್ಕೆ ಕೂತಾಗಲೆಲ್ಲ ಸುಮ್ಮನೆ ಒಮ್ಮೆ ಉಪ್ಪು ಕಮ್ಮಿ ಎನ್ನುವುದು, ಒಮ್ಮೆ ಖಾರ ಜಾಸ್ತಿ ಎನ್ನುವುದು, ಇದೆಲ್ಲ ಗಾಳಿಯಲ್ಲಿ ಗುಂಡು ಹೊಡೆದದ್ದು. ಕಿರಿಯಳಿಗೆ ನೆನಪಾಯಿತು, ತಾನು ಆ ಮಾತು ಕೇಳಿ ಎದ್ದು ಹೋಗಿ ಉಪ್ಪು ತಂದದ್ದು ಒಂದು ದಿನವಲ್ಲ.

“ಯಾಕೆ ಹೇಳ್ಲಿಲ್ಲ ಅತ್ತೆ?”

“ಏನಂತ ಹೇಳ್ಲಿ? ಈ ಮನೇಲಿ ನನ್ನನ್ನ ಏನಾದ್ರೂ ಕೇಳೋದು ಅಂದ್ರೆ ರುಚಿ ಒಂದೇ ತಾನೆ. ಅದೂ ಹೋಯ್ತು ಅಂದ್ರೆ ನಾನು ಈ ಕುರ್ಚಿ ಥರ ಒಂದು ಸಾಮಾನು.”

ಕಿರಿಯಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ. ರುಚಿಯೇ ಗೊತ್ತಾಗದ ಮೇಲೆ ಪ್ರತಿ ವಾರ ಅಕ್ಕನದ್ದೇ ಮೇಲು ಎಂದದ್ದು ಯಾವ ಲೆಕ್ಕದಲ್ಲಿ?

ಅತ್ತೆಯ ಮುಖದಲ್ಲಿ ಕಳ್ಳನಗೆ ಮೂಡಿತು. “ಅವಳು ಸೋತ್ರೆ ವಾರಪೂರ್ತಿ ಮಹಡಿ ಮೇಲೆ ಪಾತ್ರೆ ಬಡೀತಾಳೆ, ನನ್ನ ನೆತ್ತಿ ಮೇಲೇನೇ. ನೀನು ಸೋತ್ರೆ ಮುಂದಿನ ವಾರ ಕೇಸರಿ ತರ್ತೀಯ. ನೀನೇ ಹೇಳು, ಯಾರನ್ನ ಸೋಲಿಸೋದು?”

ಕಿರಿಯಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ನಗುವೇ ಗೆದ್ದಿತು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದು ಮಾತಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಆ ವಾರವೇ ಬೆಣ್ಣೆ ಬಂದ. ಬೆಣ್ಣೆ ಎಂದರೆ ಬೀದಿಯ ಕೊನೆಯ ಮೂಲೆಯಲ್ಲಿ ಹೊಸದಾಗಿ ಲಸ್ಸಿ ಅಂಗಡಿ ತೆರೆಯಲು ಹೊರಟಿದ್ದವನು. ಎದುರಿಗೆ ಸಿಕ್ಕವರಿಗೆಲ್ಲ ಮಾತಿನಲ್ಲಿ ಬೆಣ್ಣೆ ಹಚ್ಚುತ್ತಿದ್ದನಾದ್ದರಿಂದ ಆ ಹೆಸರು. ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿ ಅತ್ತೆಗೆ ನಮಸ್ಕಾರ ಮಾಡಿದ. ಅಂಗಡಿ ತೆರೆಯುವ ಮೊದಲು ತಾವು ಬಂದು ಒಂದು ಗುಟುಕು ಕುಡಿದು ನಾಲ್ಕು ಜನರ ಎದುರಿಗೆ ಒಂದು ಮಾತು ಹೇಳಬೇಕು, ತಮ್ಮ ನಾಲಿಗೆ ಒಪ್ಪಿದರೆ ಈ ಊರೇ ಒಪ್ಪಿದ ಹಾಗೆ ಎಂದ. ನಾಳಿದ್ದು ಸಂಜೆ, ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದಾಗಿದೆ ಎಂದೂ ಹೇಳಿದ. ಕರೆದಾದ ಮೇಲೆ ಬಂದು ಕೇಳುವುದು ಅವನ ರೀತಿ.

ಆಗ ಹಿರಿಯಳೂ ಅಲ್ಲೇ ಇದ್ದಳು. ಖಂಡಿತ ಬರ್ತೀವಿ ಎಂದು ಅತ್ತೆಯ ಪರವಾಗಿ ಅವಳೇ ಒಪ್ಪಿಕೊಂಡುಬಿಟ್ಟಳು. ಅತ್ತೆ ಕಿರಿಯಳ ಮುಖ ನೋಡಿದರು, ಕಿರಿಯಳು ಅತ್ತೆಯ ಮುಖ ನೋಡಿದಳು.

ಆ ಸಂಜೆ ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ಮಂಚದ ಮೇಲೆ ಪಕ್ಕಪಕ್ಕ ಕೂತು ಒಂದು ಉಪಾಯ ಹೂಡಿದರು. ಲಸ್ಸಿ ಎಲ್ಲರಿಗೂ ಕೊಡುತ್ತಾನೆ, ಕಿರಿಯಳೂ ಕುಡಿಯುತ್ತಾಳೆ. ಕುಡಿದ ಮೇಲೆ ಅವಳು ಕನ್ನಡಕದಿಂದ ಸನ್ನೆ ಮಾಡುವುದು. ಬಲಗಡೆಯ ಕಡ್ಡಿ ಮುಟ್ಟಿದರೆ ಸಿಹಿ ಜಾಸ್ತಿ. ಎಡಗಡೆಯದು ಮುಟ್ಟಿದರೆ ಹುಳಿ. ಕನ್ನಡಕ ತೆಗೆದು ಒರೆಸಿದರೆ ಬಾಟಲಿಯ ಎಸೆನ್ಸು ಹಾಕಿದ್ದಾನೆ ಎಂದರ್ಥ. ಕೈ ಕಟ್ಟಿ ಸುಮ್ಮನಿದ್ದರೆ ಚೆನ್ನಾಗಿದೆ. ಅತ್ತೆ ಇದನ್ನು ಪಾಠದ ಹಾಗೆ ಒಪ್ಪಿಸಿದರು. ಕಿರಿಯಳು ಕಡ್ಡಿ ಮುಟ್ಟಿದಂತೆಲ್ಲ ಸಿಹಿ, ಹುಳಿ, ಬಾಟಲಿ ಎಂದು ಪಟಪಟ ಹೇಳಿದರು. ಜ್ವರ ಬಂದಮೇಲೆ ಅವರು ಇಷ್ಟು ಗೆಲುವಾಗಿದ್ದದ್ದನ್ನು ಕಿರಿಯಳು ನೋಡಿರಲಿಲ್ಲ.

ಬೆಣ್ಣೆಯ ಅಂಗಡಿಯಲ್ಲಿ ಗೋಡೆಗೆ ಇನ್ನೂ ಹಸಿ ಬಣ್ಣ. ಉದ್ದನೆಯ ಮೇಜಿನ ಒಂದು ಬದಿಗೆ ಅತ್ತೆಯನ್ನು ಮೆತ್ತೆ ಹಾಕಿ ಕೂರಿಸಿದ. ಎದುರಿನ ಬದಿಗೆ ಸೊಸೆಯರು. ಸುತ್ತ ಟೈಲರು, ಬೇಕರಿಯವನು, ಔಷಧಿ ಅಂಗಡಿಯಾಕೆ ಎಲ್ಲ ಲೋಟ ಹಿಡಿದು ನಿಂತಿದ್ದರು.

ಮೊದಲು ಗುಲಾಬಿ ಬಣ್ಣದ ಲಸ್ಸಿ ಬಂತು. ಕಿರಿಯಳು ಒಂದು ಗುಟುಕು ಕುಡಿದಳು. ಸೋಪು ನೆಕ್ಕಿದ ಹಾಗಾಯಿತು. ಕೂಡಲೇ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸತೊಡಗಿದಳು. ಅತ್ತೆ ಆ ಕಡೆ ಕಣ್ಣು ಹಾಯಿಸಿ, ತಮ್ಮ ಲೋಟದಿಂದ ಕುಡಿದು, ರೆಪ್ಪೆ ಮುಚ್ಚಿದರು. ಅಂಗಡಿಯೆಲ್ಲ ಉಸಿರು ಬಿಗಿಹಿಡಿಯಿತು.

“ಇದರಲ್ಲಿ ಗುಲಾಬಿ ಇಲ್ಲಪ್ಪ, ಬಾಟಲಿ ಇದೆ,” ಎಂದರು.

ಬೆಣ್ಣೆಯ ಕಿವಿ ಕೆಂಪಾಯಿತು. ನಾಲಿಗೆ ಅಂದರೆ ಇದು ಎಂದು ಟೈಲರು ಪಕ್ಕದವನಿಗೆ ಪಿಸುಗುಟ್ಟಿದ. ಕಿರಿಯಳು ಮೇಜಿನ ಕೆಳಗೆ ತನ್ನ ತೊಡೆಯನ್ನು ತಾನೇ ಚಿವುಟಿಕೊಂಡು ನಗು ತಡೆದಳು.

ಎರಡನೆಯದು ಮಾವಿನ ಲಸ್ಸಿ. ಕುಡಿದರೆ ಹಲ್ಲು ಝುಮ್ಮೆನ್ನುವಷ್ಟು ಸಿಹಿ. ಕಿರಿಯಳು ಕನ್ನಡಕದ ಬಲಗಡೆಯ ಕಡ್ಡಿಯನ್ನು ಮುಟ್ಟಿದಳು. ಸಾಲದೆಂದು ಇನ್ನೊಮ್ಮೆ ಮುಟ್ಟಿದಳು. ಅತ್ತೆ ನೋಡಿದರು, ಅರ್ಥವಾಯಿತೆಂದು ರೆಪ್ಪೆ ಬಡಿದರು. ಆಗಲೇ ಕಿರಿಯಳಿಗೆ ಎಡವಟ್ಟು ಹೊಳೆಯಿತು. ಮನೆಯಲ್ಲಿ ಅಭ್ಯಾಸ ಮಾಡಿದ್ದು ಪಕ್ಕಪಕ್ಕ ಕೂತು. ಇಲ್ಲಿ ಕೂತಿರುವುದು ಎದುರುಬದುರು. ಅವಳ ಬಲಗಡೆ ಅತ್ತೆಗೆ ಎಡಗಡೆ. ಅವಳು ಗಡಬಡಿಸಿ ಕೈ ಬದಲಾಯಿಸುವಷ್ಟರಲ್ಲಿ ಅತ್ತೆ ಕಣ್ಣು ಮುಚ್ಚಿ ಆಗಿತ್ತು.

“ಮೊಸರು ಹುಳಿ ಬಂದಿದೆ,” ಎಂದರು ಅತ್ತೆ, ನ್ಯಾಯಾಧೀಶರ ಗತ್ತಿನಲ್ಲಿ.

ಟೈಲರು ತನ್ನ ಲೋಟದೊಳಗೆ ಇಣುಕಿದ. ಬೇಕರಿಯವನು ತುಟಿ ಸವರಿಕೊಂಡ. ಹುಳಿಯೇ, ಸಕ್ಕರೆ ಸುರಿದಿದ್ದೇನಲ್ಲ ಅಮ್ಮ ಎಂದು ಬೆಣ್ಣೆ ತೊದಲಿದ. ಕಿರಿಯಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಅತ್ತೆಯ ಇಷ್ಟು ವರ್ಷದ ಹೆಸರು ತನ್ನ ಕನ್ನಡಕದ ಕಡ್ಡಿಯಿಂದ ಮಣ್ಣುಪಾಲಾಯಿತು ಎಂದುಕೊಂಡು ಕಣ್ಣು ಕೆಳಗೆ ಹಾಕಿದಳು. ಅತ್ತೆಗೂ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಲೋಟ ಹಿಡಿದ ಅವರ ಬೆರಳು ಅಲ್ಲಾಡದೆ ಬಿಗಿಯಾಯಿತು.

ಆಗ ಹಿರಿಯಳು ತನ್ನ ಲೋಟ ಎತ್ತಿದಳು. ನಿಧಾನವಾಗಿ ಕುಡಿದಳು, ಬಾಯೊಳಗೆ ತಿರುಗಿಸಿದಳು, ನುಂಗಿದಳು. ಪರೇಡಿನಲ್ಲಿ ನಿಂತ ಮಕ್ಕಳನ್ನು ನೋಡುವ ಹಾಗೆ ಎಲ್ಲರನ್ನೂ ಒಮ್ಮೆ ನೋಡಿದಳು.

“ಅತ್ತೆ ಹೇಳಿದ್ದು ಸರಿ. ಮೊದಲು ಸಿಹಿ ಅನ್ನಿಸತ್ತೆ. ನುಂಗಿದ ಮೇಲೆ ಗಂಟಲ ಹತ್ರ ಗಮನ ಇಡಿ. ಅಲ್ಲಿ ಹುಳಿ ಇದೆ.”

ಅವಳು ಹೇಳಿದ ರೀತಿಗೆ ಎಲ್ಲರೂ ಇನ್ನೊಂದು ಗುಟುಕು ಕುಡಿದು ಗಂಟಲಿನ ಹತ್ತಿರ ಗಮನ ಇಟ್ಟರು. ಔಷಧಿ ಅಂಗಡಿಯಾಕೆ ಹೌದಲ್ಲ ಎಂದಳು. ಟೈಲರು ಹೌದೌದು, ಹಿಂದೆಯೇ ಬರುತ್ತದೆ ಎಂದ. ಬೇಕರಿಯವನಂತೂ ತನಗೆ ಮೊದಲ ಗುಟುಕಿಗೇ ಅನುಮಾನ ಬಂದಿತ್ತು, ದೊಡ್ಡವರ ಮುಂದೆ ಬಾಯಿ ಹಾಕುವುದು ಬೇಡವೆಂದು ಸುಮ್ಮನಿದ್ದೆ ಎಂದುಬಿಟ್ಟ. ಕಿರಿಯಳು ಇದನ್ನೆಲ್ಲ ಬಾಯಿ ತೆರೆದು ನೋಡುತ್ತಿದ್ದಳು. ಕೊನೆಗೆ ಬೆಣ್ಣೆ ತಾನೂ ಒಂದು ಗುಟುಕು ಕುಡಿದ. ಹಣೆಯ ಬೆವರು ಒರೆಸಿಕೊಂಡ.

“ತಪ್ಪಾಯ್ತು ಅಮ್ಮ,” ಎಂದ. “ನಿನ್ನೆ ಮೊಸರು ಸ್ವಲ್ಪ ಉಳಿದಿತ್ತು. ಹುಳಿ ಗೊತ್ತಾಗಬಾರದು ಅಂತ ಸಕ್ಕರೆ ಡಬ್ಬಲ್ ಹಾಕಿದ್ದೆ. ನಿಮ್ಮ ಹತ್ರ ನಡೀಲಿಲ್ಲ.”

ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಅತ್ತೆ ಮಾತ್ರ ಕಲ್ಲಿನ ಹಾಗೆ ಕೂತಿದ್ದರು. ಬೆಣ್ಣೆ ಮೂರನೆಯ ಲೋಟ ತರಲು ತಿರುಗಿದಾಗ ಅವರು ಮೆಲ್ಲಗೆ ಮೇಜು ಹಿಡಿದು ಎದ್ದರು. ಮೊದಲು ಈ ಎರಡನ್ನು ಸರಿಮಾಡಿಕೋ, ಮೂರನೆಯದು ಆಮೇಲೆ ನೋಡೋಣ ಎಂದು ಹೇಳಿ ಬಾಗಿಲ ಕಡೆ ನಡೆದರು. ಅದೃಷ್ಟವನ್ನು ಇನ್ನೊಮ್ಮೆ ಕೆಣಕುವಷ್ಟು ಹುಂಬರಲ್ಲ ಅವರು.

ಮನೆಗೆ ಬಂದು, ಕೆಳಗಿನ ಅಡುಗೆಮನೆಯಲ್ಲಿ ಅತ್ತೆಗೆ ನೀರು ಕೊಟ್ಟು, ಹಿರಿಯಳು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಬಲಗಡೆ ಮುಟ್ಟಿದ್ರೆ ಸಿಹಿ ಅಂತ ತಾನೆ ಇದ್ದದ್ದು?”

ಕಿರಿಯಳ ಕೈಯಿಂದ ಚೊಂಬು ಜಾರಿತು. ಅತ್ತೆ ನೀರು ನುಂಗುವುದನ್ನು ಮರೆತರು.

ಹಿರಿಯಳಿಗೆ ಎಲ್ಲ ಗೊತ್ತಿತ್ತು. ಜ್ವರ ಬಿಟ್ಟ ಕೆಲವು ದಿನಕ್ಕೆ ಒಮ್ಮೆ ಮಹಡಿಯ ಮೇಲೆ ಹಾಲು ತಳ ಹಿಡಿದು ಸೀದು ಮನೆಯೆಲ್ಲ ವಾಸನೆ ಎದ್ದಿತ್ತಂತೆ. ಅವಳು ಬಟ್ಟೆ ಒಣಹಾಕಲು ಹೋಗಿದ್ದವಳು ಓಡಿಬಂದು ನೋಡಿದರೆ ಅತ್ತೆ ಕೆಳಗೆ ಕಿಟಕಿಯ ಬಳಿ ಆರಾಮವಾಗಿ ಕೂತಿದ್ದರಂತೆ, ಮೂಗಿನ ಮುಂದೆಯೇ ಸೀದ ವಾಸನೆ ಸುಳಿಯುತ್ತಿದ್ದರೂ. ಏಲಕ್ಕಿಯ ಸಿಪ್ಪೆ ಒಂದಿಷ್ಟು ಬಿದ್ದರೂ ಕಂಡುಹಿಡಿಯುವ ಅತ್ತೆ ಸೀದ ಹಾಲಿಗೆ ಮೂಗು ಮುರಿಯಲಿಲ್ಲವೆಂದರೆ ಏನರ್ಥ? ತಾವಾಗಿ ಹೇಳುವವರೆಗೆ ಕೆದಕಬಾರದೆಂದು ಬಾಯಿಗೆ ಬೀಗ ಹಾಕಿಕೊಂಡಳಂತೆ. ಇವತ್ತು ಕಿರಿಯಳು ಗುಟುಕಿಗೊಮ್ಮೆ ಕನ್ನಡಕಕ್ಕೆ ಕೈ ಹಾಕುವುದನ್ನು ಪಕ್ಕದಲ್ಲೇ ಕೂತು ನೋಡಿದ ಮೇಲೆ ಸನ್ನೆಯ ಲೆಕ್ಕವೂ ತಿಳಿಯಿತಂತೆ.

ಕಿರಿಯಳು ಇದನ್ನು ಕೇಳಿ ಮೊದಲು ಮರುಗಿದಳು. ಆಮೇಲೆ ತಟ್ಟನೆ ಏನೋ ಲೆಕ್ಕ ಹಾಕಿದವಳಂತೆ ತಲೆ ಎತ್ತಿದಳು.

“ಹಾಗಾದ್ರೆ ಅಕ್ಕ, ಗೊತ್ತಿದ್ದೂ ಪ್ರತಿ ವಾರ ಗೆಲ್ತಾ ಇದ್ರಾ?”

“ಕೊಡೋರು ಕೊಡ್ತಿದ್ರು. ನಾನ್ಯಾಕೆ ಬೇಡ ಅನ್ಲಿ?” ಎಂದಳು ಹಿರಿಯಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ಕೊನೆಯ ಕೆಲವು ವಾರ ತಾನು ಒಳ್ಳೆಯ ಹಣ್ಣು ಆರಿಸುವ ಗೋಜಿಗೂ ಹೋಗಿರಲಿಲ್ಲ, ಇದ್ದದ್ದನ್ನು ಮಿಕ್ಸಿಗೆ ಹಾಕಿ ತಿರುಗಿಸಿ ತರುತ್ತಿದ್ದೆ ಎಂದೂ ಒಪ್ಪಿಕೊಂಡಳು.

ಕಿರಿಯಳು ಕೇಸರಿಯನ್ನು ನೆನೆದು ಕೆಂಡವಾದಳು. ಕೈಗೆ ಸಿಕ್ಕಿದ ಒದ್ದೆ ಬಟ್ಟೆಯನ್ನು ಅಕ್ಕನ ಕಡೆಗೆ ಎಸೆದಳು. ಅದು ಗುರಿ ತಪ್ಪಿ ಅತ್ತೆಯ ಮಡಿಲಿಗೆ ಬಿತ್ತು. ಅತ್ತೆ ಅದನ್ನು ಎತ್ತಿ ನೋಡಿ, ಇದು ವಾಸನೆ ಬಂದಿರಬೇಕಲ್ಲವೇನೇ ಎಂದು ಗಂಭೀರವಾಗಿ ಕೇಳಿದರು. ಅಷ್ಟು ಸಾಕಾಯಿತು. ಮೂವರೂ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅಷ್ಟರಲ್ಲಿ ಮನೆಗೆ ಬಂದ ಬಸ್ ಡ್ರೈವರು ಮತ್ತು ಬೀಗದವನು ಬಾಗಿಲಲ್ಲಿ ನಿಂತು, ಏನಾಯಿತೆಂದು ಕೇಳುವ ಧೈರ್ಯವಾಗದೆ ಹಾಗೇ ಹಿಂದಕ್ಕೆ ತಿರುಗಿದರು.

ಮಾರನೆಯ ದಿನ ಹಿರಿಯಳು ರಜೆ ಹಾಕಿ ಅತ್ತೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಜ್ವರದ ನಂತರ ಕೆಲವರಿಗೆ ಹೀಗಾಗುವುದುಂಟು, ಬಂದರೆ ನಿಧಾನವಾಗಿ ಬರುತ್ತದೆ, ಖಂಡಿತ ಬರುತ್ತದೆಂದು ಹೇಳಲಾಗದು, ದಿನಾ ಬೇರೆ ಬೇರೆ ಪದಾರ್ಥ ಮೂಸಿ ಅಭ್ಯಾಸ ಮಾಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅಭ್ಯಾಸ ಎಂಬ ಮಾತು ಡ್ರಿಲ್ ಟೀಚರ ಕಿವಿಗೆ ಬಿದ್ದಮೇಲೆ ಕೇಳಬೇಕೆ. ಬೆಳಗಾದರೆ ಅತ್ತೆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರಬೇಕಿತ್ತು. ಲವಂಗ, ನಿಂಬೆ ಸಿಪ್ಪೆ, ಏಲಕ್ಕಿ, ಕಾಫಿ ಪುಡಿ ಒಂದಾದ ಮೇಲೊಂದು ಮೂಗಿನ ಬಳಿ ಬರುತ್ತಿದ್ದವು. ಉಸಿರು ಒಳಗೆ, ಉಸಿರು ಹೊರಗೆ. ಅತ್ತೆ ಒಮ್ಮೊಮ್ಮೆ ತಪ್ಪಿಸಿಕೊಳ್ಳಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಿರಿಯಳು ಬಾಗಿಲ ಹೊರಗೆ ಲವಂಗ ಹಿಡಿದು ಕಾಯುತ್ತಿದ್ದಳು.

ಕಿರಿಯಳ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಓಡುತ್ತಿತ್ತು. ರುಚಿ ಗೊತ್ತಾಗದ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲವೆಂದಲ್ಲವಲ್ಲ. ತಂಪು ಗೊತ್ತಾಗುತ್ತದೆ. ಗಟ್ಟಿ, ನೀರು, ನೊರೆ, ಕರುಂ ಎನ್ನುವುದು, ಜಾರುವುದು, ಇವೆಲ್ಲ ಗೊತ್ತಾಗುತ್ತವೆ. ಕಣ್ಣು ಸರಿಯಿಲ್ಲದವರಿಗೆ ಅಕ್ಷರ ದೊಡ್ಡದು ಮಾಡಿ ತೋರಿಸುವುದಿಲ್ಲವೇ, ಹಾಗೆ. ಅತ್ತೆಯನ್ನು ಕೂರಿಸಿಕೊಂಡು ಕೇಳಿದಳು. ಶುಂಠಿ ಕಚ್ಚಿದರೆ ಉರಿಯುತ್ತದೆ ಎಂದರು ಅತ್ತೆ, ಪುದೀನ ಅಗಿದರೆ ಬಾಯಲ್ಲಿ ಗಾಳಿ ಬೀಸಿದ ಹಾಗಾಗುತ್ತದೆ ಎಂದರು. ರುಚಿಯೇನೂ ಇಲ್ಲ, ಆದರೆ ಏನೋ ನಡೆಯುತ್ತಿದೆ ಎಂದು ತಿಳಿಯುತ್ತದಂತೆ.

ಮುಂದಿನ ಭಾನುವಾರ ಮಹಡಿಯ ಮಿಕ್ಸಿ ಸುಮ್ಮನಿತ್ತು. ಕಿರಿಯಳು ನೀರಿಳಿಸಿದ ಮೊಸರನ್ನು ಪಾತ್ರೆಗೆ ಹಾಕಿದಳು. ಕಾಮಕಸ್ತೂರಿ ಬೀಜವನ್ನು ನೆನೆಹಾಕಿ, ಕಪ್ಪೆಯ ಮೊಟ್ಟೆಯ ಹಾಗೆ ಉಬ್ಬಿದ ಮೇಲೆ ಸೋಸಿದಳು. ಹಸಿಶುಂಠಿಯನ್ನು ತುರಿದು ಹಿಂಡಿ ರಸ ತೆಗೆದಳು, ಪುದೀನವನ್ನು ಅರೆದಳು. ಹಿರಿಯಳನ್ನು ಕರೆದು ಐಸನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಲಟ್ಟಣಿಗೆ ಕೊಟ್ಟಳು. ಹಿರಿಯಳು ಅದನ್ನು ಬಡಿದ ರಭಸಕ್ಕೆ ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಮೊಸರು, ಪಾಕ, ಶುಂಠಿ ರಸ, ಪುದೀನ ಎಲ್ಲ ಸೇರಿಸಿ ಕಿರಿಯಳು ತೋಳು ಸೋಲುವ ತನಕ ಕಡೆದಳು. ನೊರೆ ಪಾತ್ರೆಯ ಅಂಚಿಗೆ ಬಂತು. ಕಾಮಕಸ್ತೂರಿ, ದಾಳಿಂಬೆಯ ಕಾಳು, ಒಡೆದ ಬಾದಾಮಿ ಚೂರು ಎಲ್ಲ ಬಿತ್ತು. ಮೇಲೆ ಐಸಿನ ಪುಡಿ.

ಅತ್ತೆ ಲೋಟ ಹಿಡಿದು ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಿದರು. ಒಂದು ಗುಟುಕು ಒಳಗೆ ಹೋಯಿತು. ಹುಬ್ಬು ಮೇಲಕ್ಕೇರಿತು. ದಾಳಿಂಬೆ ಹಲ್ಲಿನ ನಡುವೆ ಒಡೆದ ಸದ್ದು ಕಿರಿಯಳಿಗೂ ಕೇಳಿಸಿತು. ಆಮೇಲೆ ಶುಂಠಿ ಗಂಟಲಿಗೆ ಏರಿರಬೇಕು, ಅತ್ತೆ ಮೂಗು ಕೆಂಪಗೆ ಮಾಡಿಕೊಂಡು ಜೋರಾಗಿ ಸೀನಿದರು. ಸೀನಿ ಮುಗಿಸಿ, ಕಣ್ಣೊರೆಸಿಕೊಂಡು, ಮತ್ತೆ ಕುಡಿದರು. ಲೋಟದ ತಳದಲ್ಲಿ ಅಂಟಿದ್ದ ಕಾಮಕಸ್ತೂರಿಯನ್ನು ಚಮಚದಿಂದ ಕೆರೆದು ತಿಂದರು.

“ಬಾಯೊಳಗೆ ಜಾತ್ರೆ ನಡೆದ ಹಾಗಿದೆ ಕಣೇ,” ಎಂದರು. “ಇನ್ನೊಂದು ಲೋಟ ಕೊಡು. ಶುಂಠಿ ಇನ್ನೂ ಸ್ವಲ್ಪ ಇರ್ಲಿ.”

ಎರಡನೆಯ ಲೋಟವನ್ನು ಅವರು ನಿಧಾನವಾಗಿ, ಕಾಲು ಅಲ್ಲಾಡಿಸುತ್ತ ಕುಡಿದರು. ಹಿರಿಯಳು ನೋಡುವೆನೆಂದು ಒಂದು ಲೋಟ ತೆಗೆದುಕೊಂಡಳು, ನೋಡಿ ಮುಗಿಯಲಿಲ್ಲವೆಂದು ಇನ್ನೊಂದು ತೆಗೆದುಕೊಂಡಳು. ಮನೆಯಲ್ಲಿ ನಗು ಕೇಳಿ ಧೈರ್ಯ ಬಂದ ಗಂಡಸರಿಬ್ಬರೂ ಅಂದು ಬೇಗ ಹಿಂದಿರುಗಿ, ಕೇಳದೆಯೇ ಲೋಟ ಮುಂದೆ ಹಿಡಿದರು. ಕಿರಿಯಳು ಎಲ್ಲರಿಗೂ ಬಗ್ಗಿಸಿ ಕೊಟ್ಟು, ತನಗೆಂದು ಪಾತ್ರೆ ಓರೆ ಮಾಡಿದಾಗ ತಳದಲ್ಲಿ ಒಂದಿಷ್ಟು ನೊರೆ ಮಾತ್ರ ಉಳಿದಿತ್ತು. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಅದನ್ನೇ ಬೆರಳಿನಿಂದ ಬಳಿದು ತಿಂದಳು. ಏಲಕ್ಕಿ ಹಾಕುವುದನ್ನು ಮರೆತಿದ್ದಳು. ಯಾರಿಗೂ ಗೊತ್ತಾಗಿರಲಿಲ್ಲ, ಅವಳೂ ಹೇಳಲಿಲ್ಲ.